ಮನೆಯ ಮೂಲೆಯಲ್ಲೊಂದು ಬೊಗಸೆ ಕಡಲು
(ಮಿತವ್ಯಯದಲ್ಲಿ ಉಪ್ಪುನೀರಿನ ಮೀನುತೊಟ್ಟಿಯನ್ನು ಇಡುವ ಬಗೆ)

ಘಟ್ಟದ ಮೇಲೆ ಹುಟ್ಟಿ ಬೆಳೆದ ನಮ್ಮಂಥವರಿಗೆ ಸಮುದ್ರವೆಂದರೆ ಜೀವಮಾನದಲ್ಲಿ ನಾಲ್ಕಾರು ಸಲ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋದಾಗ ದಂಡೆಯಲ್ಲಿ ನಿಂತು ಬೆರಗಾಗಿ ನೋಡಿ ಬರುವ ಒಂದು ಮಹಾದೃಶ್ಯ. ಅದರ ಒಡಲೊಳಗೆ ಏನೇನಿದೆಯೆಂಬುದನ್ನು ಪುಸ್ತಕಗಳಲ್ಲಿ ಓದಿದ್ದೇವೆಯೇ ಹೊರತು ಕಣ್ಣಾರೆ ಕಂಡವರು ವಿರಳ. ಇಂದಿನ ಮಕ್ಕಳ ಮಾತು ಬೇರೆ. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಎಂಬ ಚಲನಚಿತ್ರವನ್ನು ಅವು ಮನೆಯಲ್ಲಿಯೇ ಕುಳಿತು ಹತ್ತಾರು ಸಲ ನೋಡುತ್ತವೆ. ಕಿತ್ತಳೆ ಬಣ್ಣದ ಮೈಮೇಲೆ ಮೂರು ಬಿಳಿಯ ಪಟ್ಟೆಗಳನ್ನು ಹೊತ್ತ ಕ್ಲೌನ್ ಮೀನು ಅವುಗಳಿಗೆ ಮನೆಯ ಬೆಕ್ಕಿನಷ್ಟೇ ಪರಿಚಿತ. ಹೀಗಿರುವಾಗ ಎಂಟನೆಯ ತರಗತಿಯಲ್ಲಿ ಓದುವ ನಮ್ಮ ಮೊಮ್ಮಗ ಧಾರವಾಡದ ಮನೆಯಲ್ಲಿ ಕಡಲ ಮೀನು ಸಾಕಬೇಕೆಂದು ಹಟ ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಹಟಕ್ಕೆ ನಾವು ಮಣಿದೆವು. ಅದರಿಂದ ಎರಡು ಜೀವಗಳು ಹೋದವು. ಆ ತಪ್ಪು ಈ ಲೇಖನವನ್ನು ಓದುವ ಯಾವ ಮನೆಯಲ್ಲಿಯೂ ಮರುಕಳಿಸದಿರಲಿ ಎಂಬ ಕಾರಣದಿಂದಲೇ ಇದನ್ನು ಬರೆಯಲು ಕುಳಿತಿದ್ದೇವೆ.

ತಿಳಿನೀರಿನ ಮೋಸ

ನಡೆದದ್ದಿಷ್ಟು. ದೊಡ್ಡ ಊರಿನ ಅಂಗಡಿಯೊಂದರಿಂದ ಗಾಜಿನ ತೊಟ್ಟಿ, ಸಮುದ್ರದ ಉಪ್ಪಿನ ಪೊಟ್ಟಣ, ಎರಡು ಕ್ಲೌನ್ ಮೀನು ಎಲ್ಲವನ್ನೂ ಒಂದೇ ದಿನ ತಂದೆವು. ಸಂಜೆಗೆ ನೀರು ತುಂಬಿ ಮೀನು ಬಿಡಬಹುದೆಂದು ಅಂಗಡಿಯಾತ ಹೇಳಿದ್ದ. ನಾವು ಹಾಗೆಯೇ ಮಾಡಿದೆವು. ಮೂರನೆಯ ದಿನ ಒಂದು ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿತು. ಆರನೆಯ ದಿನ ಬೆಳಿಗ್ಗೆ ಎರಡೂ ತಳದಲ್ಲಿ ಮಲಗಿದ್ದವು. ಮೊಮ್ಮಗ ಅಂದು ಊಟ ಮಾಡಲಿಲ್ಲ. ರಾತ್ರಿ ನಮ್ಮ ಬಳಿಗೆ ಬಂದು, “ಅಜ್ಜಾ, ನೀರು ಅಷ್ಟ ತಿಳಿ ಇತ್ತಲ್ಲಾ, ಮತ್ತ ಮೀನ ಯಾಕ ಸತ್ತುವು?” ಎಂದು ಕೇಳಿದ. ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ಓದಿ, ಶಾಸ್ತ್ರಗ್ರಂಥಗಳ ನಡುವೆಯೇ ಆಯುಷ್ಯ ಕಳೆದ ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಉತ್ತರ ದೊರೆತುದು ನೆರೆಮನೆಯ ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕರಿಂದ. ಅವರು ವಿವರಿಸಿದ ಸಂಗತಿಯೇ ಈ ವಿದ್ಯೆಯ ತಿರುಳಾದುದರಿಂದ ಓದುಗರು ದಯಮಾಡಿ ಇದನ್ನು ಲಕ್ಷ್ಯವಿಟ್ಟು ಗಮನಿಸಬೇಕು. ಮೀನು ಉಸಿರಾಡುವ ಕಿವಿರುಗಳ ಮೂಲಕವೇ ಅಮೋನಿಯಾ ಎಂಬ ವಿಷವನ್ನು ಸದಾ ಹೊರಹಾಕುತ್ತಿರುತ್ತದೆ. ತಿಂದುಳಿದ ಆಹಾರವೂ ಮಲವೂ ಕೊಳೆತಾಗ ಅದೇ ವಿಷ ಹುಟ್ಟುತ್ತದೆ. ಮೀನಿಗೆ ಮಾರಕವಾಗುವ ಪ್ರಮಾಣದಲ್ಲಿ ಅದು ಕರಗಿದ್ದರೂ ನೀರಿನ ಬಣ್ಣ ಬದಲಾಗುವುದಿಲ್ಲ, ನಮ್ಮ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಕಡಲಿನ ನೀರು ಸಿಹಿನೀರಿಗಿಂತ ಹೆಚ್ಚು ಕ್ಷಾರಗುಣವುಳ್ಳದ್ದಾದುದರಿಂದ ಅದರಲ್ಲಿ ಅಮೋನಿಯಾದ ವಿಷತ್ವ ಇನ್ನೂ ತೀವ್ರ. ನಿಸರ್ಗದಲ್ಲಿ ಎರಡು ಬಗೆಯ ಸೂಕ್ಷ್ಮಾಣುಗಳು ಈ ವಿಷವನ್ನು ಪರಿಹರಿಸುತ್ತವೆ. ಮೊದಲನೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ಅದೂ ವಿಷವೇ. ಎರಡನೆಯವು ಆ ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ರಷ್ಯದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಸೂಕ್ಷ್ಮಾಣುಗಳನ್ನು ಕುರಿತು ನಡೆಸಿದ ಸಂಶೋಧನೆಯಿಂದ ಈ ಕ್ರಿಯೆ ಎರಡು ಹಂತಗಳದ್ದೆಂಬುದು ಲೋಕಕ್ಕೆ ಸ್ಪಷ್ಟವಾಯಿತು.

ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಾಣುಗಳು ಸಾಕಷ್ಟು ಇರುವುದಿಲ್ಲ. ಅವು ಕಲ್ಲು, ಮರಳು, ಫಿಲ್ಟರಿನ ಸ್ಪಂಜು ಇವುಗಳ ಮೇಲೆ ನೆಲೆಯೂರಿ ಹೆಚ್ಚಲು ನಾಲ್ಕರಿಂದ ಆರು ವಾರಗಳು ಬೇಕು. ನಾವು ಕೊಟ್ಟದ್ದು ನಾಲ್ಕು ಗಂಟೆ! ನಮ್ಮ ಮೀನುಗಳು ತಿಳಿಯಾದ ನೀರಿನಲ್ಲಿಯೇ ತಮ್ಮದೇ ವಿಷಕ್ಕೆ ಸಿಕ್ಕಿ ಸತ್ತವು. ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಬಾಳಲು ಯೋಗ್ಯವಾಗುವುದಿಲ್ಲವೆಂಬುದನ್ನು ನಾವು ಹೀಗೆ ಕಲಿತೆವು.

ಈ ವಿದ್ಯೆಯ ಪೂರ್ವೇತಿಹಾಸ

ಉಪ್ಪುನೀರಿನ ಮೀನುತೊಟ್ಟಿ ಶ್ರೀಮಂತರ ವಿಲಾಸವೆಂಬ ಭಾವನೆ ನಮ್ಮಲ್ಲಿದೆ. ಆದರೆ ಇದರ ಆರಂಭ ಬಹು ಸರಳವಾದುದು. 1846ರಲ್ಲಿ ಲಂಡನ್ನಿನ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕಿಯಿಂದ ಕೆಲವು ಜೀವಂತ ಹವಳಗಳನ್ನು ಮನೆಗೆ ತಂದು ವರ್ಷಗಟ್ಟಲೆ ಬದುಕಿಸಿದಳು. ಆಗ ವಿದ್ಯುತ್ ಪಂಪು ಎಲ್ಲಿಯದು? ಆಕೆಯ ಮನೆಯ ಸೇವಕಿ ತೆರೆದ ಕಿಟಕಿಯ ಮುಂದೆ ನಿಂತು, ನೀರಿಗೆ ಗಾಳಿ ಬೆರೆಯಲೆಂದು ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಅದನ್ನು ದಿನವೂ ಮುಕ್ಕಾಲು ಗಂಟೆಯವರೆಗೆ ಸುರಿಯುತ್ತಿದ್ದಳಂತೆ. ನಮ್ಮ ಮನೆಗಳಲ್ಲಿ ಬಿಸಿಹಾಲನ್ನು ಎರಡು ಲೋಟಗಳ ನಡುವೆ ಎತ್ತಿ ಸುರಿಯುತ್ತೇವಲ್ಲ, ಅದೇ ಬಗೆ. ಆ ಸೇವಕಿಯ ಪರಿಶ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಲೇಖನದ ಕೊನೆಗೆ ಅದು ನಮಗೆ ಉಪಯೋಗಕ್ಕೆ ಬರುತ್ತದೆ.

1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗವಿಜ್ಞಾನಿ ‘ದಿ ಅಕ್ವೇರಿಯಂ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಆ ಹೆಸರು ಜನರ ಬಾಯಲ್ಲಿ ನೆಲೆಗೊಂಡುದು ಅವನಿಂದಲೇ. ಆದರೆ ಆ ಗ್ರಂಥದ ಪರಿಣಾಮ ಶೋಚನೀಯವಾಯಿತು. ಓದಿದವರೆಲ್ಲರೂ ಬುಟ್ಟಿ ಹಿಡಿದು ಕಡಲತೀರಕ್ಕೆ ಧಾವಿಸಿದರು. ಸಾವಿರಾರು ವರ್ಷ ಯಾರೂ ಮುಟ್ಟದೆ ಉಳಿದಿದ್ದ ಬಂಡೆಗಳ ನಡುವಿನ ನೀರಗುಂಡಿಗಳು ಬರಿದಾದವು. ಗಾಸನ ಮಗನಾದ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಎಂಬ ಆತ್ಮಕಥನದಲ್ಲಿ ಈ ನಾಶವನ್ನು ಬಹು ವ್ಯಥೆಯಿಂದ ದಾಖಲಿಸಿದ್ದಾನೆ. ಪ್ರೀತಿಯೂ ಅವಿವೇಕದೊಡನೆ ಕೂಡಿದರೆ ಪ್ರೀತಿಸಿದ ವಸ್ತುವನ್ನೇ ಕೊಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನಮ್ಮ ದೇಶದಲ್ಲಿ ಈ ಅನರ್ಥವನ್ನು ತಡೆಯಲು ಕಾನೂನಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳನ್ನೂ ಕಡಲ್ಗುದುರೆಯನ್ನೂ ಸೇರಿಸಲಾಯಿತು. ಆದುದರಿಂದ ನಮ್ಮ ಕಡಲಿನಿಂದ ಕಿತ್ತ ಹವಳವನ್ನಾಗಲಿ, ಜೀವಿಗಳು ನೆಲೆಸಿರುವ ಹವಳಬಂಡೆಯ ತುಂಡನ್ನಾಗಲಿ ಕೊಳ್ಳುವುದು ಅಪರಾಧ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವು ಅಲ್ಲಿಯೇ ಇರಲಿ.

ಕಡಲ ಉಪ್ಪೂ ಅಡುಗೆಯ ಉಪ್ಪೂ

“ನೀರಿಗೆ ಅಡುಗೆಯ ಉಪ್ಪು ಹಾಕಿದರಾಗದೇ? ಕಿಲೋಗೆ ನೂರಾರು ರೂಪಾಯಿ ಏಕೆ ತೆರಬೇಕು?” ಎಂಬ ಪ್ರಶ್ನೆ ಮಿತವ್ಯಯಿಗಳಿಗೆ ಸಹಜ. ಇದಕ್ಕೆ ಉತ್ತರ ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿದೆ. ಅಲ್ಲಿ ಬಿಸಿಲಿಗೆ ಕಡಲ ನೀರು ಇಂಗತೊಡಗಿದಾಗ ಮೊದಲು ಸುಣ್ಣದ ಅಂಶಗಳು ಕೆಳಗಿಳಿಯುತ್ತವೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಕಹಿಯಾದ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಉಳಿದ ನೀರಿನಲ್ಲಿಯೇ ನಿಲ್ಲುತ್ತವೆ. ಕಡಲು ಬೆರೆಸಿದ್ದನ್ನು ಬೇರ್ಪಡಿಸುವುದೇ ಉಪ್ಪು ತೆಗೆಯುವವರ ಕೌಶಲ. ಮೀನಿಗಾದರೋ ಆ ಎಲ್ಲವೂ ಬೆರೆತಿರಬೇಕು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಕ್ಲೋರೈಡ್ ಸುಮಾರು 19 ಗ್ರಾಂ, ಸೋಡಿಯಂ ಸುಮಾರು 11 ಗ್ರಾಂ. ಉಳಿದುದರಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಅಡುಗೆಯ ಉಪ್ಪಿನಲ್ಲಿ ಮೊದಲಿನ ಎರಡು ಮಾತ್ರವಿದ್ದು, ಉಳಿದವು ಇಲ್ಲವೆಂದೇ ಹೇಳಬೇಕು. ಆದುದರಿಂದ ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಸಮುದ್ರದ ಉಪ್ಪಿನ ಮಿಶ್ರಣವನ್ನೇ ಬಳಸಬೇಕು.

ಕಾರವಾರದಿಂದ ಡಬ್ಬಿಗಳಲ್ಲಿ ನೀರು ತರುವ ಯೋಚನೆಯೂ ನಮಗೆ ಬಂದಿತ್ತು. ಅಲ್ಲಿ ಕಾಳೀ ನದಿ ಸಮುದ್ರವನ್ನು ಸೇರುತ್ತದೆ. ಮಳೆಗಾಲದಲ್ಲಿ ದಂಡೆಯ ನೀರು ಉಪ್ಪಿನ ಪ್ರಮಾಣದಲ್ಲಿ ಕಡಲ ನೀರೇ ಅಲ್ಲ. ದೋಣಿಗಳ ಎಣ್ಣೆ, ಊರಿನ ಚರಂಡಿ ಬೇರೆ. ಕರಾವಳಿಯ ಬಂಧುಗಳು ಶುದ್ಧವಾದ ಸ್ಥಳದಿಂದ ನೀರು ತರುವ ಅನುಕೂಲವಿದ್ದರೆ, ಅದರ ಸಾಂದ್ರತೆಯನ್ನು ಅಳೆದು ಬಳಸಬಹುದು. ಘಟ್ಟದ ಮೇಲಿನವರಿಗೆ ಸಾರಿಗೆಯ ಖರ್ಚೇ ಉಪ್ಪಿನ ಬೆಲೆಯನ್ನು ಮೀರುತ್ತದೆ.

ತೊಟ್ಟಿಯೂ ಪರಿಕರಗಳೂ

ಚಿಕ್ಕ ತೊಟ್ಟಿ ಅಗ್ಗವೆಂದು ತೋರುತ್ತದೆ. ಆದರೆ ನೀರು ಕಡಿಮೆಯಿದ್ದಷ್ಟೂ ಅದರ ಗುಣ ಬೇಗ ಕೆಡುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ತೊಟ್ಟಿ ಆರಂಭಕ್ಕೆ ಉತ್ತಮ. ಅದರಲ್ಲಿ ಸುಮಾರು 60 ಲೀಟರ್ ನೀರು ನಿಲ್ಲುತ್ತದೆ. ನೀರು, ಕಲ್ಲು, ಗಾಜು ಕೂಡಿ 80 ಕಿಲೋ ಮೀರುವುದರಿಂದ ಗಟ್ಟಿಯಾದ, ಸಮತಟ್ಟಾದ ಕಟ್ಟೆಯೇ ಆಗಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಬೇಡ. ಹಳೆಯ ತೊಟ್ಟಿ ಕೊಳ್ಳುವವರು ಅದರಲ್ಲಿ ತಾಮ್ರದ ಔಷಧಿ ಬಳಸಿದ್ದರೇ ಎಂದು ವಿಚಾರಿಸಬೇಕು.

ತಾಮ್ರದ ಮಾತು ಬಂದುದರಿಂದ ಗೃಹಿಣಿಯರಿಗೊಂದು ಸೂಚನೆ. ನಮ್ಮ ಮನೆಗಳಲ್ಲಿ ನೀರು ತುಂಬಲು ತಾಮ್ರದ ಕೊಡ, ಹಿತ್ತಾಳೆಯ ಬಿಂದಿಗೆ ಶ್ರೇಷ್ಠವೆನ್ನುತ್ತೇವೆ. ಈ ಕೆಲಸಕ್ಕೆ ಮಾತ್ರ ಅವು ಸರ್ವಥಾ ಸಲ್ಲವು. ಉಪ್ಪುನೀರಿಗೆ ತಾಮ್ರ ಕರಗುತ್ತದೆ. ಅದು ಅತ್ಯಲ್ಪವಾಗಿದ್ದರೂ ಬಸವನಹುಳು, ಏಡಿ ಮೊದಲಾದ ಜೀವಿಗಳಿಗೆ ಪ್ರಾಣಾಂತಿಕ. ಸಾಬೂನು ಮುಟ್ಟದ ಹೊಸ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಇದಕ್ಕಾಗಿಯೇ ಬೇರೆ ಇಡಬೇಕು.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಮತ್ತು ಇತರ ಲವಣಗಳಿರುತ್ತವೆ. ಮನೆಯಲ್ಲಿ ಆರ್.ಓ. ಯಂತ್ರವಿದ್ದರೆ ಅದರ ನೀರೇ ಲೇಸು. ಲೀಟರಿಗೆ 36ರಿಂದ 38 ಗ್ರಾಂ ಮಿಶ್ರಣವನ್ನು ಬಕೆಟ್ಟಿನಲ್ಲಿ ಕರಗಿಸಿ, ಒಂದು ದಿನ ಗಾಳಿಯಾಡಿಸಿ, ಆಮೇಲೆ ಅಳೆಯಬೇಕು. ಅಳೆಯುವ ಸಾಧನ ಹೈಡ್ರೋಮೀಟರ್. ಹಾಲಿನ ಡೇರಿಯಲ್ಲಿ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರಿನ ಸೋದರನಿದು. ಅದು 1.025ರ ಆಸುಪಾಸು ತೋರಿಸಬೇಕು. ನೀರಿನ ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಚಳಿಗಾಲದ ರಾತ್ರಿಗೆ ಚಿಕ್ಕ ಹೀಟರು, ಬೇಸಿಗೆಯ ಮಧ್ಯಾಹ್ನಕ್ಕೆ ಮುಚ್ಚಳ ಸರಿಸಿ ಮೇಲೊಂದು ಸಣ್ಣ ಫ್ಯಾನು ಇಷ್ಟು ಸಾಕು. ನೀರು ತಂಪುಮಾಡುವ ದುಬಾರಿ ಯಂತ್ರ ಬೇಕಿಲ್ಲ.

ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆ ಆಮ್ಲಜನಕ ಕರಗುತ್ತದೆ. ಆದ್ದರಿಂದ ನೀರು ಸದಾ ಚಲಿಸುತ್ತಿರಬೇಕು. ತೊಟ್ಟಿಯ ಹಿಂಬದಿಗೆ ತೂಗುಹಾಕುವ ಫಿಲ್ಟರು, ಅಲೆ ಎಬ್ಬಿಸುವ ಚಿಕ್ಕ ಪಂಪು ಇವೆರಡು ಅವಶ್ಯಕ. ಮೀನು ಮಾತ್ರವಿರುವ ತೊಟ್ಟಿಗೆ ಸಾಮಾನ್ಯ ಎಲ್.ಇ.ಡಿ. ದೀಪವೇ ಧಾರಾಳ. ಬೆಲೆಬಾಳುವ ದೀಪಗಳು ಹವಳ ಸಾಕುವವರಿಗೆ.

ಸೂಕ್ಷ್ಮಾಣುಗಳ ನೆಲೆಗಾಗಿ ಐದಾರು ಕಿಲೋ ರಂಧ್ರಯುಕ್ತವಾದ ಒಣ ಕಲ್ಲು ಬೇಕು. ಕೃತಕವಾಗಿ ತಯಾರಿಸಿದ ಕಲ್ಲುಗಳೂ ದೊರೆಯುತ್ತವೆ. ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ ಆದರೂ ಅದು ಗಟ್ಟಿ ಹಾಸು. ಸೂಕ್ಷ್ಮಾಣುಗಳು ಒಳಹೊಕ್ಕು ನೆಲೆಸಲು ಅದರಲ್ಲಿ ರಂಧ್ರಗಳಿಲ್ಲ. ತಳಕ್ಕೆ ಒಂದಂಗುಲ ಮರಳು ಹಾಸಬಹುದು. ಕೈಬಿಗಿ ಹಿಡಿಯುವವರು ಅದನ್ನು ಬಿಟ್ಟರೂ ಬಾಧಕವಿಲ್ಲ. ಉಪ್ಪುನೀರು ವಿದ್ಯುತ್ತಿನ ಉತ್ತಮ ವಾಹಕವಾದುದರಿಂದ ತಂತಿಗಳು ಪ್ಲಗ್ಗಿಗಿಂತ ಕೆಳಗೆ ಜೋತು ಮೇಲೇರುವಂತೆ ಇರಬೇಕು. ಆಗ ತಂತಿಗುಂಟ ಇಳಿದ ಹನಿ ಪ್ಲಗ್ಗನ್ನು ತಲುಪದೆ ಕೆಳಗೇ ಬೀಳುತ್ತದೆ. ತೊಟ್ಟಿಗೆ ಕೈಹಾಕುವ ಮುನ್ನ ಸ್ವಿಚ್ಚು ಆರಿಸುವುದನ್ನು ಮಕ್ಕಳಿಗೆ ಮೊದಲ ಪಾಠವಾಗಿ ಕಲಿಸಬೇಕು.

ಹೆಪ್ಪು ಹಾಕುವ ಕಾಲ

ಇನ್ನು ಮುಖ್ಯವಾದ ಘಟ್ಟ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಗಳಿಗೆಗೊಮ್ಮೆ ಮುಚ್ಚಳ ತೆಗೆದು ಅಲುಗಿಸಿದರೆ ಮೊಸರಾಗದು ಎಂಬುದನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಕಣ್ಣಿಗೆ ಕಾಣದ ಜೀವಿಗಳು ತಮ್ಮ ಕೆಲಸವನ್ನು ತಮ್ಮ ವೇಗದಲ್ಲಿಯೇ ಮಾಡುತ್ತವೆ. ತೊಟ್ಟಿಯದೂ ಅದೇ ಕ್ರಮ. ಕಲ್ಲು, ನೀರು, ಫಿಲ್ಟರು ಎಲ್ಲ ಸಿದ್ಧವಾದ ಮೇಲೆ ಮೀನಿಲ್ಲದ ತೊಟ್ಟಿಗೆ ದಿನ ಬಿಟ್ಟು ದಿನ ಒಂದು ಚಿಟಿಕೆ ಮೀನಿನ ಆಹಾರ ಹಾಕಬೇಕು. ಅದು ಕೊಳೆತು ಅಮೋನಿಯಾ ಆಗುತ್ತದೆ. ಆ ಅಮೋನಿಯಾ ಸೂಕ್ಷ್ಮಾಣುಗಳ ಆಹಾರ. ಜೀವಂತ ಮೀನನ್ನೇ ಬಿಟ್ಟು ಈ ಕ್ರಿಯೆ ಆರಂಭಿಸುವ ಪದ್ಧತಿ ಕೆಲವರಲ್ಲಿದೆ. ಮೀನನ್ನು ವಿಷದಲ್ಲಿ ಇಟ್ಟು ಪರೀಕ್ಷಿಸುವ ಆ ಕ್ರೌರ್ಯ ನಮಗೆ ಬೇಡ.

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆಯುವ ಪರೀಕ್ಷಾ ಪೆಟ್ಟಿಗೆ ಕೊಳ್ಳುವುದರಲ್ಲಿ ಜಿಪುಣತನ ಕೂಡದು. ಕೊಳವೆಯಲ್ಲಿ ತೊಟ್ಟಿಯ ನೀರಿಗೆ ಹನಿ ಬೆರೆಸಿ, ಬಂದ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ನೋಡುವುದಷ್ಟೆ. ನಮ್ಮ ಮೊಮ್ಮಗ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಬಣ್ಣದ ಪೆನ್ಸಿಲಿನಿಂದ ನಕ್ಷೆ ಬರೆದ. ಮೊದಲ ವಾರದಲ್ಲಿ ಅಮೋನಿಯಾ ಏರಿತು. ಎರಡನೆಯ ವಾರದ ಕೊನೆಗೆ ಅದು ಇಳಿಯತೊಡಗಿ ನೈಟ್ರೈಟ್ ಏರಿತು. ಐದನೆಯ ವಾರದಲ್ಲಿ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಉಳಿಯಿತು. ಆಹಾರ ಹಾಕಿದ ಮರುದಿನವೂ ಆ ಎರಡು ಸೊನ್ನೆಯಲ್ಲಿಯೇ ಇದ್ದರೆ ತೊಟ್ಟಿ ಸಿದ್ಧವಾಯಿತೆಂದರ್ಥ. ಆಗ ಕಾಲುಭಾಗ ನೀರು ಬದಲಾಯಿಸಬೇಕು.

ಈ ನಡುವೆ ಗಾಜಿನ ಮೇಲೂ ಕಲ್ಲಿನ ಮೇಲೂ ಕಂದುಬಣ್ಣದ ಪಾಚಿ ಕಟ್ಟಿ ತೊಟ್ಟಿ ಕೊಳಕಾಗಿ ಕಾಣುತ್ತದೆ. ಮನೆಗೆ ಬಂದ ನೆಂಟರು ಮೂಗು ಮುರಿದದ್ದೂ ಉಂಟು. ಅದು ಹೊಸ ತೊಟ್ಟಿಗೆ ಸಹಜ. ಕಾಲಕ್ರಮದಲ್ಲಿ ತಾನೇ ಇಳಿಯುತ್ತದೆ. ಮೊದಲು ತಿಳಿನೀರಿನಲ್ಲಿ ಸಾವು ಅಡಗಿತ್ತು. ಈಗ ಕೊಳಕಾಗಿ ಕಾಣುವ ತೊಟ್ಟಿಯಲ್ಲಿ ಬದುಕು ಬೇರೂರುತ್ತಿತ್ತು. ಐದು ವಾರಗಳ ಕಾಲ ಆ ಹುಡುಗ ದಿನವೂ ಮೀನಿಲ್ಲದ ತೊಟ್ಟಿಯ ಮುಂದೆ ಕುಳಿತುಕೊಂಡುದನ್ನು ನಾವು ನೋಡಿದ್ದೇವೆ. ಗುಂಡಿ ಒತ್ತಿದೊಡನೆ ಎಲ್ಲವೂ ಬರುವ ಈ ಕಾಲದಲ್ಲಿ ಕಾಯುವುದನ್ನು ಕಲಿಸುವ ಇನ್ನೊಂದು ಶಾಲೆ ನಮಗೆ ಕಾಣದು.

ಯಾವ ಜೀವ ಮನೆಗೆ ಬರಬೇಕು

ಕ್ಲೌನ್ ಮೀನಿನ ಜೋಡಿಯೇ ಆರಂಭಿಗರಿಗೆ ಯೋಗ್ಯ. ಸಾಗರದಲ್ಲಿ ಅದು ಕಡಲಹೂವೆಂಬ ಕುಟುಕುವ ಜೀವಿಯ ಆಶ್ರಯದಲ್ಲಿರುತ್ತದೆ. ತೊಟ್ಟಿಯಲ್ಲಿ ಆ ಆಶ್ರಯ ಅವಶ್ಯವಲ್ಲ. ಕಡಲಹೂವು ಸಾಕುವುದು ಕಷ್ಟಸಾಧ್ಯವೂ ಹೌದು. ಈ ಮೀನಿನ ಸಂಸಾರ ವಿಚಿತ್ರವಾದುದು. ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗಿ ಮಾರ್ಪಡುತ್ತದೆ. ಮೊಟ್ಟೆಗಳನ್ನು ಕಾಯ್ದು, ರೆಕ್ಕೆ ಬೀಸಿ ಗಾಳಿಯಾಡಿಸುವ ಕೆಲಸ ಬಹುತೇಕ ತಂದೆಯದು.

ಕೊಳ್ಳುವಾಗ ಮೀನು ಕಡಲಿನಿಂದ ಹಿಡಿದದ್ದೋ ಸಾಕಣೆಯಲ್ಲಿ ಹುಟ್ಟಿದ್ದೋ ಎಂದು ಕೇಳಿ, ಎರಡನೆಯದನ್ನೇ ಕೊಳ್ಳಬೇಕು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯುಳ್ಳ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. 1947ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಕೇಂದ್ರವೊಂದು ನಮ್ಮ ಕಾರವಾರದಲ್ಲಿಯೂ ಇದೆ. ಸಾಕಿದ ಮೀನು ತೊಟ್ಟಿಯ ಬಾಳಿಗೂ ಕಾಳಿನ ಆಹಾರಕ್ಕೂ ಹೊಂದಿಕೊಂಡಿರುವುದರಿಂದ ಬಾಳಿಕೆ ಹೆಚ್ಚು. ಅದನ್ನು ಕೊಂಡರೆ ಹವಳದ ದಿಬ್ಬ ಬರಿದಾಗುವುದೂ ಇಲ್ಲ. ಅಂಗಡಿಯಲ್ಲಿ ನಮ್ಮ ಕಣ್ಣೆದುರಿಗೇ ಆಹಾರ ಹಾಕಿಸಿ, ಅದು ತಿಂದರೆ ಮಾತ್ರ ತರಬೇಕು. ಮನೆಗೆ ತಂದ ಮೇಲೆ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಬಳಿಕ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರು ಬೆರೆಸಿ, ಮೀನನ್ನು ಮಾತ್ರ ಒಳಬಿಟ್ಟು ಚೀಲದ ನೀರನ್ನು ಚೆಲ್ಲಬೇಕು. 60 ಲೀಟರಿಗೆ ಈ ಎರಡು ಮೀನು, ಪಾಚಿ ತಿನ್ನುವ ಎರಡು ಮೂರು ಬಸವನಹುಳು ಸಾಕು. ಅಂಗಡಿಯಲ್ಲಿ ಕಣ್ಸೆಳೆಯುವ ಚಿಟ್ಟೆಮೀನು, ನೀಲಿಯ ಟ್ಯಾಂಗ್ ಮೊದಲಾದವು ಇಷ್ಟು ನೀರಿನಲ್ಲಿ ಬಾಳಲಾರವು.

ಇಲ್ಲಿ ನಮ್ಮ ಮನೆತನಗಳಿಗೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಮುಚ್ಚಿಡದೆ ಹೇಳಬೇಕು. ಆಹಾರದ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಮ್ಮ ಸೊಸೆ, “ಮಾವಾರ, ಈ ಕಾಳಿನ್ಯಾಗ ಏನ್ ಹಾಕ್ಯಾರ್ರೀ?” ಎಂದು ಕೇಳಿದಳು. ಕ್ಲೌನ್ ಮೀನು ಪಾಚಿಯನ್ನೂ ಸಣ್ಣ ಜಲಚರಗಳನ್ನೂ ತಿನ್ನುವ ಪ್ರಾಣಿ. ಅದರ ಕಾಳುಗಳಲ್ಲಿ ಮೀನಿನ ಅಥವಾ ಸಿಗಡಿಯ ಪುಡಿ ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ ಅನ್ನ, ಚಪಾತಿ ಹಾಕಿ ಸಾಕುತ್ತೇವೆಂದರೆ ಅದು ದಯೆಯಲ್ಲ, ಉಪವಾಸ ಕೆಡಹಿದಂತೆ. ನಮ್ಮ ಮನೆಯಲ್ಲಿ ಇದನ್ನು ಕುರಿತು ಎರಡು ದಿನ ಮಾತಾಯಿತು. ಕೊನೆಗೆ ಡಬ್ಬಿಯನ್ನು ಅಡುಗೆಮನೆಯಿಂದ ದೂರ, ತೊಟ್ಟಿಯ ಕೆಳಗಿನ ಗೂಡಿನಲ್ಲಿಡುವುದೆಂದು ಒಪ್ಪಿಕೊಂಡೆವು. ಯಾರ ಮನಸ್ಸು ಇದಕ್ಕೆ ಒಪ್ಪದೋ ಅವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಉಚಿತ. ಮೀನು ತಂದ ಮೇಲೆ ಯೋಚಿಸುವ ವಿಷಯ ಇದಲ್ಲ.

ನಿತ್ಯದ ಆರೈಕೆ

ದಿನಕ್ಕೆ ಒಂದು ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಮಕ್ಕಳು ಪ್ರೀತಿಯಿಂದ ಹಿಡಿಗಟ್ಟಲೆ ಹಾಕುವುದೇ ತೊಟ್ಟಿಗಳ ನಾಶಕ್ಕೆ ಮುಖ್ಯ ಕಾರಣ.

ಆವಿಯಾಗಿ ಹೋಗುವುದು ನೀರೇ ಹೊರತು ಉಪ್ಪಲ್ಲ. ಆದ್ದರಿಂದ ಮಟ್ಟ ಇಳಿದಾಗ ಸಿಹಿನೀರನ್ನೇ ಸೇರಿಸಬೇಕು. ಉಪ್ಪುನೀರು ಸೇರಿಸುತ್ತ ಹೋದರೆ ತೊಟ್ಟಿಯ ಉಪ್ಪು ದಿನದಿನಕ್ಕೆ ಹೆಚ್ಚುತ್ತದೆ. ಗಾಜಿನ ಮೇಲೆ ಬಣ್ಣದ ಪಟ್ಟಿಯಂಟಿಸಿ ಮಟ್ಟ ಗುರುತಿಸಿಕೊಂಡರೆ ಕೆಲಸ ಸುಲಭ. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ, ಅಂದರೆ ಆರು ಲೀಟರ್ ನೀರು ತೆಗೆದು ಹೊಸದಾಗಿ ಕರಗಿಸಿದ ಉಪ್ಪುನೀರು ತುಂಬಬೇಕು. ಇದಕ್ಕೆ ಬೇಕಾಗುವ ಉಪ್ಪು ಕಾಲು ಕಿಲೋಗಿಂತ ಕಡಿಮೆ. ಸೂಕ್ಷ್ಮಾಣುಗಳು ಉಳಿಸಿದ ನೈಟ್ರೇಟನ್ನು ಹೊರಹಾಕುವ ಮಾರ್ಗ ಇದೊಂದೇ ಎಂದು ತಿಳಿಯಿರಿ. ಫಿಲ್ಟರಿನ ಸ್ಪಂಜನ್ನು ತೆಗೆದ ಉಪ್ಪುನೀರಿನಲ್ಲಿಯೇ ಹಿಂಡಬೇಕು. ನಲ್ಲಿಯಡಿ ತೊಳೆದರೆ ಕ್ಲೋರಿನ್ನಿನಿಂದ ಸೂಕ್ಷ್ಮಾಣುಗಳು ಸಾಯುತ್ತವೆ. ತೆಗೆದ ಉಪ್ಪುನೀರನ್ನು ಹಿತ್ತಲ ಗಿಡಗಳ ಬುಡಕ್ಕೆ ಹಾಕಕೂಡದು. ಬೇಡವಾದ ಮೀನನ್ನು ಕೆರೆಗೂ ಕಡಲಿಗೂ ಬಿಡಕೂಡದು. ಸಾಕಬಲ್ಲ ಇನ್ನೊಬ್ಬರಿಗೆ ಒಪ್ಪಿಸಬೇಕು.

ಲೆಕ್ಕದ ಪುಸ್ತಕದಿಂದ

ನಮ್ಮ ಎರಡನೆಯ ಪ್ರಯತ್ನದ ಖರ್ಚು ದುಂಡಗಿನ ಅಂಕಿಗಳಲ್ಲಿ ಹೀಗಿದೆ: ತೊಟ್ಟಿ 2,000 ರೂಪಾಯಿ, ಫಿಲ್ಟರು 1,200, ಅಲೆಯ ಪಂಪು 800, ಹೀಟರು 600, ದೀಪ 500, ನಾಲ್ಕು ಕಿಲೋ ಉಪ್ಪು 1,600, ಹೈಡ್ರೋಮೀಟರ್ 600, ಪರೀಕ್ಷಾ ಪೆಟ್ಟಿಗೆ 2,000, ಕಲ್ಲು 1,500, ಮರಳು 500, ಬ್ಯಾಟರಿಯಿಂದ ನಡೆಯುವ ಗಾಳಿಪಂಪು 500, ಎರಡು ಮೀನು 1,200. ಒಟ್ಟು 13,000 ರೂಪಾಯಿ. ಬೆಲೆಗಳು ಊರಿಂದೂರಿಗೆ ವ್ಯತ್ಯಾಸವಾಗುತ್ತವೆ. ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಾಗಿಲ್ಲ ಎಂಬುದು ಮಿತವ್ಯಯಿಗಳಿಗೆ ಸಮಾಧಾನದ ಸಂಗತಿ. ಮೀನಿನ ಖರ್ಚು ಹೇಗೂ ಒಂದೂವರೆ ತಿಂಗಳ ನಂತರದ್ದು. ಫಿಲ್ಟರು, ಪಂಪು, ದೀಪಗಳಿಗೆ ತಿಂಗಳಿಗೆ ಹತ್ತು ಯೂನಿಟ್ಟಿನ ಆಸುಪಾಸು ವಿದ್ಯುತ್ತು. ಹೀಟರು ಉರಿಯುವ ತಿಂಗಳುಗಳಲ್ಲಿ ಇನ್ನಷ್ಟು. ಉಳಿತಾಯ ಮಾಡಬೇಕಾದುದು ದೀಪದಲ್ಲಿ, ಅಲಂಕಾರದಲ್ಲಿ, ಮೀನುಗಳ ಸಂಖ್ಯೆಯಲ್ಲಿ. ಉಪ್ಪಿನಲ್ಲಿ, ಪರೀಕ್ಷೆಯಲ್ಲಿ, ಕಾಲದಲ್ಲಿ ಉಳಿತಾಯ ಸಲ್ಲದು. ಕಾಲಕ್ಕೆ ಬೆಲೆಯಿಲ್ಲ. ಆದರೆ ಅದನ್ನು ಕೊಡದಿದ್ದರೆ ಉಳಿದೆಲ್ಲ ಖರ್ಚೂ ನೀರುಪಾಲು.

ಒಂದು ಮಳೆಯ ರಾತ್ರಿ

ಕಳೆದ ಮಳೆಗಾಲದ ಒಂದು ರಾತ್ರಿ ಗಾಳಿಗೆ ಮರವುರುಳಿ ಕರೆಂಟು ಹೋಯಿತು. ಬ್ಯಾಟರಿಯ ಪಂಪು ಎರಡು ತಾಸು ನಡೆದು ನಿಂತಿತು. ಬದಲಿ ಸೆಲ್ ಮನೆಯಲ್ಲಿರಲಿಲ್ಲ. ಅದು ನಮ್ಮ ಅಲಕ್ಷ್ಯ. ಮೀನುಗಳು ಮೇಲ್ಮೈಗೆ ಬರತೊಡಗಿದವು. ಆಗ ನಮಗೆ ಆ ಲಂಡನ್ನಿನ ಸೇವಕಿಯ ನೆನಪಾಯಿತು. ಒಂದು ಪ್ಲಾಸ್ಟಿಕ್ ಚೊಂಬಿನಿಂದ ತೊಟ್ಟಿಯ ನೀರನ್ನು ಮೊಗೆದು, ಒಂದು ಅಡಿ ಎತ್ತರದಿಂದ ಸಣ್ಣ ಧಾರೆಯಾಗಿ ಮತ್ತೆ ಅದರಲ್ಲಿಯೇ ಸುರಿಯತೊಡಗಿದೆವು. ಅರ್ಧ ತಾಸು ನಾವು, ಅರ್ಧ ತಾಸು ಮಗ, ಆಮೇಲೆ ಸೊಸೆ, ನಡುವೆ ನಿದ್ದೆಗಣ್ಣಿನ ಮೊಮ್ಮಗ, ಹೀಗೆ ಕಂದೀಲಿನ ಬೆಳಕಿನಲ್ಲಿ ಸರದಿಯಂತೆ ನಡೆಯಿತು. ಬೆಳಗಿನ ಜಾವ ಕರೆಂಟು ಬಂದಾಗ ಎರಡೂ ಮೀನುಗಳು ಕಲ್ಲಿನ ಸಂದಿಗೆ ಮರಳಿ ನೆಮ್ಮದಿಯಾಗಿ ಈಜುತ್ತಿದ್ದವು. ಕಾಳುಗಳ ಡಬ್ಬಿಯ ವಿಚಾರದಲ್ಲಿ ಎಲ್ಲರಿಗಿಂತ ಹೆಚ್ಚು ಸಂಕೋಚಪಟ್ಟಿದ್ದ ಸೊಸೆಯೇ ಆ ರಾತ್ರಿ ಎಲ್ಲರಿಗಿಂತ ಹೆಚ್ಚು ಹೊತ್ತು ಚೊಂಬು ಹಿಡಿದಿದ್ದಳು.

ಕ್ಲೌನ್ ಮೀನು ಸರಿಯಾಗಿ ನೋಡಿಕೊಂಡರೆ ತೊಟ್ಟಿಯಲ್ಲಿ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಎಂದರೆ ಇಂದು ಎಂಟನೆಯ ತರಗತಿಯಲ್ಲಿರುವ ಬಾಲಕ ಓದು ಮುಗಿಸಿ ಉದ್ಯೋಗ ಹಿಡಿಯುವವರೆಗೂ ಅದು ಮನೆಯಲ್ಲಿರಬಹುದು. ಅಷ್ಟು ಕಾಲದ ಹೊಣೆಯನ್ನು ಹೊರಲು ಮನೆಯವರೆಲ್ಲರೂ ಸಿದ್ಧರಿದ್ದಾರೆಯೇ ಎಂದು ಮೊದಲು ಕೂಡಿ ಕುಳಿತು ವಿಚಾರಿಸಿರಿ. ಸಿದ್ಧರಿದ್ದರೆ ತೊಟ್ಟಿಗೆ ನೀರು ತುಂಬಿ ಆರು ವಾರ ಕಾಯಿರಿ. ನಮ್ಮ ಮೊಮ್ಮಗನ ನಕ್ಷೆಯ ಕ್ಯಾಲೆಂಡರು ಇಂದಿಗೂ ತೊಟ್ಟಿಯ ಪಕ್ಕದ ಗೋಡೆಯ ಮೇಲಿದೆ. ಅದರ ತುದಿಯಲ್ಲಿ, ಮೊದಲು ಸತ್ತ ಎರಡು ಮೀನುಗಳ ದಿನಾಂಕವನ್ನೂ ಅವನು ತಾನಾಗಿಯೇ ಬರೆದಿಟ್ಟಿದ್ದಾನೆ. ನಾವು ಅದನ್ನು ಅಳಿಸಲು ಹೇಳಿಲ್ಲ.